ಕೀಬೋರ್ಡಿನ ಮೇಲಿಲ್ಲದ ಕನ್ನಡ ಪರದೆಗೆ ಬರುವ ದಾರಿ

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ಮೂರು ದಶಕ ಬೆರಳಚ್ಚು ಶಾಲೆ ನಡೆಸಿ ಈಗ ಬಿಡುವಾಗಿರುವ ನನ್ನನ್ನು ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ವಾರಕ್ಕೊಮ್ಮೆ ಮಕ್ಕಳಿಗೆ ಗಣಕಯಂತ್ರದ ಪರಿಚಯ ಮಾಡಿಕೊಡಲು ಕರೆಯುತ್ತಾರೆ. ಕಳೆದ ತಿಂಗಳು ಎಂಟನೇ ತರಗತಿಯ ಹುಡುಗನೊಬ್ಬ ತನ್ನ ಹೆಸರನ್ನು ಕನ್ನಡದಲ್ಲಿ ಒತ್ತಿ ಮುಗಿಸಿ, ಪರದೆಯನ್ನೂ ಕೀಬೋರ್ಡನ್ನೂ ಎರಡು ಮೂರು ಸಲ ನೋಡಿ, ‘ಸರ್, ಈ ಗುಂಡಿಗಳ ಮೇಲೆ ಬರೀ ಇಂಗ್ಲಿಷ್ ಇದೆ, ಹಾಗಿದ್ದರೆ ಕನ್ನಡ ಎಲ್ಲಿಂದ ಬಂತು?’ ಎಂದು ಕೇಳಿದ. ಆ ಪ್ರಶ್ನೆಗೆ ಅವನ ನೋಟ್ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಅಲ್ಲಿದ್ದದ್ದು ಎರಡು ಸಾಲಿನ ಪಟ್ಟಿ: ಕೀಬೋರ್ಡ್, ಮೌಸ್, ಸ್ಕ್ಯಾನರ್, ಮೈಕ್ ಇವು ಇನ್‌ಪುಟ್ ಸಾಧನಗಳು, ಮಾನಿಟರ್, ಪ್ರಿಂಟರ್, ಸ್ಪೀಕರ್ ಇವು ಔಟ್‌ಪುಟ್ ಸಾಧನಗಳು. ಪರೀಕ್ಷೆಯಲ್ಲಿ ಅಂಕ ಬರಲು ಇಷ್ಟು ಸಾಕು. ಆದರೆ ಆ ಹುಡುಗನ ಪ್ರಶ್ನೆ ಕನ್ನಡಿಗರೆಲ್ಲರೂ ಕೇಳಿಕೊಳ್ಳಬೇಕಾದದ್ದು. ಅದಕ್ಕೆ ಉತ್ತರ ಗೊತ್ತಿಲ್ಲದ ಕಾರಣಕ್ಕೇ ನಮ್ಮ ಕಚೇರಿಗಳಲ್ಲಿ ಇಂದಿಗೂ ಎಷ್ಟೋ ಕನ್ನಡ ಬರಹ ವ್ಯರ್ಥವಾಗುತ್ತಿದೆ. ಆದ್ದರಿಂದ ಅವನಿಗೆ ಹೇಳಿದ್ದನ್ನೇ ತಮ್ಮ ಓದುಗರ ಮುಂದೆಯೂ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಬೇಕು.

ನಾನು ಕಲಿಸುತ್ತಿದ್ದ ಟೈಪ್‌ರೈಟರಿನಲ್ಲಿ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಕೀಲಿಯ ತುದಿಗೆ ಸರಳು, ಸರಳಿನ ತುದಿಗೆ ಅಚ್ಚುಮೊಳೆ. ಬೆರಳು ಒತ್ತಿದೊಡನೆ ಮೊಳೆ ಎದ್ದು ರಿಬ್ಬನ್ನಿನ ಮೇಲೆ ಬಡಿದು ಕಾಗದದ ಮೇಲೆ ‘ಕ’ ಮೂಡುತ್ತಿತ್ತು. ಒತ್ತುವುದೂ ಮೂಡುವುದೂ ಒಂದೇ ಲೋಹದ ತುಂಡಿನ ಎರಡು ತುದಿಗಳಲ್ಲಿ ನಡೆಯುತ್ತಿದ್ದ ಒಂದೇ ಕೆಲಸವಾಗಿತ್ತು. ಗಣಕಯಂತ್ರವು ಆ ಸರಳನ್ನು ನಡುವೆ ಕತ್ತರಿಸಿ ಹಾಕಿತು. ಬೆರಳಿನ ಕಡೆಯ ಅರ್ಧ ಕೀಬೋರ್ಡಾಯಿತು, ಕಾಗದದ ಕಡೆಯ ಅರ್ಧ ಪರದೆಯೂ ಪ್ರಿಂಟರೂ ಆಯಿತು. ನಡುವೆ ಉಳಿದದ್ದು ಸಂಖ್ಯೆಗಳು ಮಾತ್ರ. ಇನ್‌ಪುಟ್ ಮತ್ತು ಔಟ್‌ಪುಟ್ ಎಂಬ ಮಾತುಗಳಿಗೆ ಅರ್ಥ ಬರುವುದು ಈ ಕತ್ತರಿಸಿದ ಜಾಗವನ್ನು ಕಣ್ಣಾರೆ ಕಂಡಾಗ.

ಅದನ್ನು ತೋರಿಸಲು ಮುಂದಿನ ವಾರ ಕೆಟ್ಟುಹೋದ ಒಂದು ಹಳೆಯ ಕೀಬೋರ್ಡನ್ನು ತೆಗೆದುಕೊಂಡು ಹೋಗಿ ಮಕ್ಕಳ ಎದುರೇ ತಿರುಪುಗಳನ್ನು ಬಿಚ್ಚಿದೆ. ನೂರಕ್ಕೂ ಹೆಚ್ಚು ಗುಂಡಿಗಳ ಅಡಿಯಲ್ಲಿ ಇದ್ದದ್ದು ಪುಟ್ಟ ರಬ್ಬರ್ ಬಟ್ಟಲುಗಳ ಒಂದು ಹಾಸು, ಅದರ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆಗಳು. ಮೇಲಿನ ಮತ್ತು ಕೆಳಗಿನ ಹಾಳೆಗಳಲ್ಲಿ ವಿದ್ಯುತ್ ಹರಿಯುವ ಗೆರೆಗಳಿವೆ, ನಡುವಿನ ಹಾಳೆಯಲ್ಲಿ ಪ್ರತಿ ಗುಂಡಿಯ ಕೆಳಗೊಂದು ತೂತು. ಗುಂಡಿ ಒತ್ತಿದಾಗ ಮೇಲಿನ ಗೆರೆಯು ಆ ತೂತಿನ ಮೂಲಕ ಕೆಳಗಿನ ಗೆರೆಯನ್ನು ಮುಟ್ಟುತ್ತದೆ, ಅಷ್ಟೇ. ಪ್ರತಿ ಗುಂಡಿಗೂ ಒಂದೊಂದು ತಂತಿ ಎಳೆದರೆ ನೂರಾರು ತಂತಿ ಬೇಕಾದೀತೆಂದು ಗೆರೆಗಳನ್ನು ನೇಯ್ಗೆಯ ಹಾಸು ಹೊಕ್ಕಿನಂತೆ ಅಡ್ಡಸಾಲು ಉದ್ದಸಾಲುಗಳಾಗಿ ಜೋಡಿಸಿರುತ್ತಾರೆ. ಮೂಲೆಯಲ್ಲಿ ಕುಳಿತ ಒಂದು ಸಣ್ಣ ಎಲೆಕ್ಟ್ರಾನಿಕ್ ಚಿಪ್ಪು ಒಂದೊಂದೇ ಅಡ್ಡಸಾಲಿಗೆ ವಿದ್ಯುತ್ ಹರಿಸಿ ಯಾವ ಉದ್ದಸಾಲಿನಿಂದ ಅದು ಮರಳಿ ಬಂತೆಂದು ನೋಡುತ್ತಾ, ಇಡೀ ಹಾಸನ್ನು ಸೆಕೆಂಡಿಗೆ ನೂರಾರು ಬಾರಿ ಸುತ್ತು ಹಾಕುತ್ತಿರುತ್ತದೆ. ಎರಡು ಗೆರೆಗಳು ಕೂಡಿದ ಜಾಗವೇ ಒತ್ತಿದ ಗುಂಡಿ.

ಈ ಪುಟ್ಟ ಚಿಪ್ಪಿನ ಎಚ್ಚರಿಕೆ ಕಂಡಾಗ ನನಗೆ ಈಗಲೂ ಗೌರವ ಮೂಡುತ್ತದೆ. ಎರಡು ಲೋಹಗಳು ಕೂಡುವಾಗ ಒಂದೇ ಸಲಕ್ಕೆ ಕೂಡುವುದಿಲ್ಲ. ನೆಲಕ್ಕೆ ಬಿದ್ದ ಚೆಂಡಿನಂತೆ ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟು ಹೊತ್ತು ಪುಟಿಯುತ್ತವೆ. ಪ್ರತಿ ಪುಟಿತವನ್ನೂ ಒಂದು ಒತ್ತು ಎಂದು ಲೆಕ್ಕ ಹಾಕಿದರೆ ಒಂದು ‘ಕ’ ಒತ್ತಿದವನಿಗೆ ನಾಲ್ಕು ‘ಕ’ ಬಂದೀತು. ಹಾಗಾಗಿ ಚಿಪ್ಪು ಪುಟಿತ ನಿಲ್ಲುವವರೆಗೆ ಕಾದು ಆಮೇಲೆ ತೀರ್ಮಾನ ಮಾಡುತ್ತದೆ. ಅಗ್ಗದ ಕೀಬೋರ್ಡುಗಳಲ್ಲಿ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಕೆಲವೊಮ್ಮೆ ಮೂರನೆಯದು ಬರುವುದೇ ಇಲ್ಲ. ಅಡ್ಡ ಉದ್ದ ಸಾಲುಗಳಲ್ಲಿ ಆ ಮೂರು ಗುಂಡಿಗಳು ಒಂದು ಚೌಕದ ಮೂರು ಮೂಲೆಗಳಾದರೆ ವಿದ್ಯುತ್ತು ಸುತ್ತಿಬಳಸಿ ಹರಿದು, ಒತ್ತದ ನಾಲ್ಕನೇ ಮೂಲೆಯೂ ಒತ್ತಿದಂತೆ ತೋರುತ್ತದೆ. ಅನುಮಾನ ಬಂದ ಚಿಪ್ಪು ಸುಮ್ಮನಾಗಿಬಿಡುತ್ತದೆ. ಮಕ್ಕಳು ಇದನ್ನು ಶಾಲೆಯ ಎಲ್ಲ ಕೀಬೋರ್ಡುಗಳ ಮೇಲೂ ಪರೀಕ್ಷಿಸಿ ನೋಡಿದರು. ಒಂದು ಗಂಟೆ ಅದರಲ್ಲೇ ಕಳೆಯಿತು, ಆ ಗಂಟೆ ವ್ಯರ್ಥವಾಯಿತೆಂದು ನನಗೆ ಅನಿಸಲಿಲ್ಲ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಯುಎಸ್‌ಬಿ ತಂತಿಯಲ್ಲಿ ಕೀಬೋರ್ಡು ಕಳಿಸುವುದು ಇಂಗ್ಲಿಷ್ ಅಕ್ಷರವನ್ನೂ ಅಲ್ಲ, ಕನ್ನಡ ಅಕ್ಷರವನ್ನೂ ಅಲ್ಲ. ಅದು ಕಳಿಸುವುದು ಗುಂಡಿಯ ಸ್ಥಾನದ ಸಂಖ್ಯೆಯನ್ನು. ಯುಎಸ್‌ಬಿ ಒಪ್ಪಂದದಲ್ಲಿ ‘ಎ’ ಗುಂಡಿಯ ಸಂಖ್ಯೆ 4, ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತಾ ಬಂದರೆ ‘ಎಫ್’ ಗುಂಡಿ 9, ‘ಕೆ’ ಗುಂಡಿ 14, ‘ಎಕ್ಸ್’ ಗುಂಡಿ 27. ಈ ಸಂಖ್ಯೆಗಳಿಗೆ ಅಕ್ಷರದ ಅರ್ಥ ಕೊಡುವುದು ಗಣಕದೊಳಗಿನ ತಂತ್ರಾಂಶ. ಕನ್ನಡದ ಕೆ.ಪಿ. ರಾವ್ ಅವರು ರೂಪಿಸಿದ, ಇಂದು ಕ-ಗ-ಪ ಎಂದು ಕರೆಯುವ ವಿನ್ಯಾಸವನ್ನು ಆರಿಸಿಕೊಂಡಿದ್ದರೆ 14 ಬಂದಾಗ ‘ಕ’, 9 ಬಂದಾಗ ಅಕ್ಷರದ ಸ್ವರ ತೆಗೆಯುವ ಹಲಂತದ ಗುರುತು, 27 ಬಂದಾಗ ‘ಷ’ ಎಂದು ಅದು ತಿಳಿಯುತ್ತದೆ. ಮೂರನ್ನೂ ಸಾಲಾಗಿ ಒತ್ತಿದರೆ ‘ಕ್ಷ’. ಕೇಂದ್ರ ಸರ್ಕಾರ 1986ರಲ್ಲಿ ಭಾರತೀಯ ಭಾಷೆಗಳೆಲ್ಲಕ್ಕೂ ಒಂದೇ ಎಂದು ತಂದ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಆರಿಸಿಕೊಂಡಿದ್ದರೆ ಅದೇ ‘ಕ್ಷ’ ಬರಲು ‘ಕೆ’, ‘ಡಿ’, ಆಮೇಲೆ ಶಿಫ್ಟ್ ಹಿಡಿದು ಅಲ್ಪವಿರಾಮದ ಗುಂಡಿ ಒತ್ತಬೇಕು. ಕೀಬೋರ್ಡು ಅದೇ, ಬೆರಳು ಬೇರೆ, ಬರಹ ಒಂದೇ. ಗುಂಡಿಯ ಮೇಲೆ ಅಚ್ಚಾದ ಇಂಗ್ಲಿಷ್ ಅಕ್ಷರ ನಮ್ಮ ಕಣ್ಣಿಗಾಗಿ ಇರುವುದೇ ಹೊರತು ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಇದನ್ನು ಹೇಳಿದಾಗ ಆ ಹುಡುಗನ ಮುಖದಲ್ಲಿ ಮೂಡಿದ ಸಂತೋಷಕ್ಕಾಗಿಯೇ ನಾನು ಈ ವಯಸ್ಸಿನಲ್ಲೂ ಪಾಠ ಮಾಡಲು ಹೋಗುತ್ತೇನೆ.

ಹೀಗೆ ಗುರುತಿಸಿದ ಅಕ್ಷರಗಳನ್ನು ಗಣಕವು ಯುನಿಕೋಡ್ ಸಂಖ್ಯೆಗಳಾಗಿ, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಗೊತ್ತುಮಾಡಿರುವ ಪಟ್ಟಿಯ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳು ಮೀಸಲಾಗಿವೆ. ‘ಕ’ ಅಕ್ಷರದ ಸಂಖ್ಯೆ 3221, ಹಲಂತದ್ದು 3277, ‘ಷ’ದ್ದು 3255. ‘ಕ್ಷ’ಕ್ಕೆಂದು ಬೇರೆ ಸಂಖ್ಯೆ ಇಲ್ಲ, ಒತ್ತಕ್ಷರಗಳಿಗೂ ಇಲ್ಲ. ನಮ್ಮ ಹಿರಿಯರು ಕಾಗುಣಿತ ಕಲಿಸುವಾಗ ‘ಕಕಾರಕ್ಕೆ ಷಕಾರದ ಒತ್ತು’ ಎಂದು ಹೇಳಿಕೊಡುತ್ತಿದ್ದರಲ್ಲ, ಯಂತ್ರದ ನೆನಪಿನಲ್ಲಿರುವುದೂ ಆ ಬಾಯಿಮಾತಿನ ಕ್ರಮವೇ.

ಇಲ್ಲಿಂದ ಔಟ್‌ಪುಟ್‌ನ ಕೆಲಸ ಆರಂಭ. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಒಂದು ಸಂಖ್ಯೆಗೆ ಒಂದು ಚಿತ್ರ ಬರೆದರೆ ಕೆಲಸ ಮುಗಿಯಿತು. ಕನ್ನಡದಲ್ಲಿ ಹಾಗಲ್ಲ. ಸಂಖ್ಯೆಗಳ ಸಾಲನ್ನು ಓದಿ, ಯಾವುದು ಒತ್ತಾಗಿ ಕೆಳಗಿಳಿಯಬೇಕು, ಯಾವುದು ತಲೆಕಟ್ಟು ಕಳೆದುಕೊಂಡು ಗುಡಿಸು ತೊಡಬೇಕು ಎಂದು ತೀರ್ಮಾನಿಸುವ ಒಂದು ತಂತ್ರಾಂಶ ನಡುವೆ ಇರಬೇಕು. ‘ಸೂರ್ಯ’ ಎಂಬ ಪದವನ್ನು ನೋಡಿ. ಉಚ್ಚಾರದಲ್ಲಿ ರೇಫ ಮೊದಲು, ಯಕಾರ ಆಮೇಲೆ. ಯಂತ್ರದ ನೆನಪಿನಲ್ಲೂ ಅದೇ ಕ್ರಮ. ಆದರೆ ಬರೆಯುವಾಗ ಅರ್ಕಾವತ್ತು ಯಕಾರದ ಬಲಕ್ಕೆ ಬರುತ್ತದೆ. ಕ್ರಮವನ್ನು ತಿರುಗಿಸಿ ಚಿತ್ರಿಸುವುದು ಪರದೆಯ ಕಡೆಯ ತಂತ್ರಾಂಶದ ಹೊಣೆ. ಟೈಪ್‌ರೈಟರಿನಲ್ಲಿ ಕಾಗದ ಎಡದಿಂದ ಬಲಕ್ಕೆ ಮಾತ್ರ ತುಂಬುತ್ತಿದ್ದರಿಂದ ನಾವು ‘ಯ’ ಬಡಿದು ಆಮೇಲೆ ಅರ್ಕಾವತ್ತು ಬಡಿಯುತ್ತಿದ್ದೆವು. ನನ್ನ ಹಳೆಯ ವಿದ್ಯಾರ್ಥಿಗಳು ಗಣಕಕ್ಕೆ ಬಂದಾಗ ಎಲ್ಲಕ್ಕಿಂತ ಹೆಚ್ಚು ಎಡವಿದ್ದು ಇಲ್ಲಿಯೇ, ಏಕೆಂದರೆ ಅವರ ಬೆರಳು ಚಿತ್ರದ ಕ್ರಮವನ್ನು ಕಲಿತಿತ್ತು, ಯಂತ್ರ ಉಚ್ಚಾರದ ಕ್ರಮವನ್ನು ಕೇಳುತ್ತಿತ್ತು. ‘ರ‍್ಯಾಂಕ್’ ಎಂಬಂತಹ ಪದಗಳಲ್ಲಿ ಅರ್ಕಾವತ್ತು ಬೇಡ, ‘ರ’ಕ್ಕೆ ಯಕಾರದ ಒತ್ತೇ ಬೇಕು ಎನ್ನುವಾಗ ‘ರ’ದ ನಂತರ 8205 ಎಂಬ, ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸಬೇಕು. ಅಕ್ಷರವೇ ಕಾಣದ ಅಕ್ಷರ ಎಂದರೆ ಮಕ್ಕಳಿಗೆ ಬಲು ಕುತೂಹಲ.

ಆಕಾರ ತೀರ್ಮಾನವಾದ ಮೇಲೆ ಫಾಂಟಿನಲ್ಲಿರುವ, ಎಂದರೆ ಅಕ್ಷರಗಳ ಚಿತ್ರಗಳನ್ನು ಇಟ್ಟಿರುವ ಕಡತದಲ್ಲಿರುವ, ಬಾಗುಗೆರೆಗಳನ್ನು ಬೇಕಾದ ಗಾತ್ರಕ್ಕೆ ಹಿಗ್ಗಿಸಿ ಅಥವಾ ಕುಗ್ಗಿಸಿ, ಅವುಗಳೊಳಗೆ ಬೀಳುವ ಚುಕ್ಕೆಗಳನ್ನು ತುಂಬುತ್ತಾರೆ. ಅಡ್ಡ 1920, ಉದ್ದ 1080 ಚುಕ್ಕೆಗಳ ಸಾಮಾನ್ಯ ಪರದೆಯಲ್ಲಿ ಒಟ್ಟು 20,73,600 ಚುಕ್ಕೆಗಳಿರುತ್ತವೆ, ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿಂಡಿಗಳು. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಸದಾ ಉರಿಯುತ್ತಲೇ ಇರುತ್ತದೆ. ಮುಂದಿನ ದ್ರವಸ್ಫಟಿಕವು ವಿದ್ಯುತ್ತಿಗೆ ತಕ್ಕಂತೆ ತಿರುಚಿಕೊಂಡು ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ಬಿಳಿಯ ಪುಟದ ಮೇಲೆ ಕಾಣುವ ಕಪ್ಪು ‘ಕ’ ಎಂದರೆ ಕ ಆಕಾರದಲ್ಲಿ ತಡೆದು ನಿಲ್ಲಿಸಿದ ಬೆಳಕು. ದುಂಡಗಿನ ಬಾಗುಗಳೂ ಸಾಲಿನ ಕೆಳಗೆ ಇಳಿಯುವ ಒತ್ತುಗಳೂ ಇರುವ ನಮ್ಮ ಲಿಪಿಗೆ ಇಂಗ್ಲಿಷಿಗಿಂತ ಹೆಚ್ಚು ಚುಕ್ಕೆಗಳೂ ಸಾಲುಗಳ ನಡುವೆ ಹೆಚ್ಚು ಜಾಗವೂ ಬೇಕು. ಇದನ್ನು ಲೆಕ್ಕಿಸದೆ ಮಾಡಿದ ಪುಟಗಳಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಓದಲಾಗದಂತಾಗುತ್ತವೆ.

ಪ್ರಿಂಟರುಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಬ್ಯಾಂಕುಗಳಲ್ಲಿ ಪಾಸ್‌ಬುಕ್ ಅಚ್ಚು ಹಾಕುವ ಯಂತ್ರದಲ್ಲಿ ಸೂಜಿಗಳು ರಿಬ್ಬನ್ನನ್ನು ಬಡಿಯುತ್ತವೆ. ಅದು ನಮ್ಮ ಟೈಪ್‌ರೈಟರಿನ ದಾಯಾದಿ. ಇಂಗ್ಲಿಷ್ ಅಕ್ಷರಗಳ ಚಿತ್ರಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಟ್ಟುವ ಇಂತಹ ಯಂತ್ರಗಳಿಗೆ ಕನ್ನಡವನ್ನು ಸಾಮಾನ್ಯವಾಗಿ ಚಿತ್ರವಾಗಿಯೇ ಕಳಿಸಬೇಕಾಗುತ್ತದೆ. ಲೇಸರ್ ಪ್ರಿಂಟರು ಇನ್ನೂ ಸೊಗಸಾದದ್ದು. 1960ರ ದಶಕದ ಕೊನೆಯಲ್ಲಿ ಜೆರಾಕ್ಸ್ ಸಂಸ್ಥೆಯಲ್ಲಿದ್ದ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರಿಗೆ ಹೊಳೆದ ಉಪಾಯ ಅದು. ತಲೆ ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಎಳೆಯುವ ಆಟ ಎಲ್ಲ ಮಕ್ಕಳಿಗೂ ಗೊತ್ತು. ಪ್ರಿಂಟರಿನ ಉರುಳೆಯ ಮೈತುಂಬ ಅಂತಹದೇ ವಿದ್ಯುದಂಶ ಸವರಿ, ಅಕ್ಷರ ಬೇಕಾದ ಕಡೆ ಲೇಸರ್ ಬೆಳಕು ಹಾಯಿಸಿ ಅದನ್ನು ಇಳಿಸುತ್ತಾರೆ. ಆ ಜಾಗಕ್ಕೆ ಟೋನರ್ ಪುಡಿ ಅಂಟುತ್ತದೆ, ಕಾಗದಕ್ಕೆ ವರ್ಗವಾಗುತ್ತದೆ, ಬಿಸಿ ಉರುಳೆಗಳ ನಡುವೆ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಹೊರಗೆ ಬಂದ ಹಾಳೆ ಬೆಚ್ಚಗಿರುವುದು ಅದಕ್ಕೇ.

ಇಷ್ಟನ್ನು ಬರೆದದ್ದು ಕೇವಲ ಕುತೂಹಲಕ್ಕಾಗಿ ಅಲ್ಲ. ನಡುವಿನ ಆ ಸಂಖ್ಯೆಗಳ ಬಗ್ಗೆ ನಾವು ತೋರುವ ಅಲಕ್ಷ್ಯದಿಂದ ಆಗುತ್ತಿರುವ ನಷ್ಟವನ್ನು ಹೇಳಲು ಇಷ್ಟು ಪೀಠಿಕೆ ಬೇಕಾಯಿತು. ಯುನಿಕೋಡ್ ನಮ್ಮ ಯಂತ್ರಗಳಲ್ಲಿ ನೆಲೆಯೂರುವ ಮೊದಲು ಕನ್ನಡವನ್ನು ಪರದೆಗೆ ತರಲು ನಮ್ಮವರು ಒಂದು ಜಾಣ ಉಪಾಯ ಹೂಡಿದ್ದರು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಅವುಗಳ ಚಿತ್ರ ಅಳಿಸಿ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದರು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವು ಏಳು ತುಣುಕುಗಳ ಸಾಲು, ಅವುಗಳಲ್ಲಿ ಮೂರು ಬರೀ ತಲೆಕಟ್ಟುಗಳು. ಅಚ್ಚುಮೊಳೆ ಜೋಡಿಸಿದಂತೆಯೇ ಇದು. ಆ ಕಾಲಕ್ಕೆ ಅದು ಅನಿವಾರ್ಯವಾಗಿತ್ತು, ಅದನ್ನು ಮಾಡಿದವರಿಂದಲೇ ಕನ್ನಡ ಗಣಕಕ್ಕೆ ಬಂತು. ಅವರ ಬಗ್ಗೆ ನನಗೆ ಕೃತಜ್ಞತೆಯಲ್ಲದೆ ಬೇರೇನೂ ಇಲ್ಲ. ಆದರೆ ಅಲ್ಲಿ ಕನ್ನಡವಿದ್ದದ್ದು ಚಿತ್ರದಲ್ಲಿ ಮಾತ್ರ, ಸಂಖ್ಯೆಯಲ್ಲಿ ಅಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ನೆತ್ತಿಯ ಮೇಲೆ ಗೀರು ಚುಕ್ಕೆಗಳಿರುವ ಐರೋಪ್ಯ ಅಕ್ಷರಗಳ ರಾಶಿ ಕಾಣುತ್ತದೆ. ಅಕಾರಾದಿಯಾಗಿ ಜೋಡಿಸಲು ಹೋದರೆ ಕ್ರಮ ಕೆಡುತ್ತದೆ, ಹೆಸರು ಹುಡುಕಿದರೆ ಸಿಗುವುದಿಲ್ಲ. ಇಂದು ಯುನಿಕೋಡ್ ಎಲ್ಲ ಯಂತ್ರಗಳಲ್ಲೂ ಇದೆ, ಕ-ಗ-ಪ ವಿನ್ಯಾಸದಲ್ಲಿ ಬೆರಳಿನ ಅಭ್ಯಾಸವನ್ನು ಹೆಚ್ಚು ಬದಲಿಸದೆಯೇ ಅದನ್ನು ಒತ್ತಬಹುದು, ಆದರೂ ಹಳೆಯ ಸಂಕೇತದಲ್ಲೇ ಕಡತಗಳು ಹುಟ್ಟುತ್ತಿರುವುದನ್ನು ನಾನು ನೋಡುತ್ತಿದ್ದೇನೆ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದನ್ನು ನನಗೆ ಕಲಿಸಿದ್ದು ನನ್ನಲ್ಲಿ ಬೆರಳಚ್ಚು ಕಲಿತ ಒಬ್ಬ ಅಂಧ ಯುವತಿ. ಆಕೆ ಬಳಸುವುದು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಆರಂಭಿಸಿದ ಅದು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಆಕೆಯ ಔಟ್‌ಪುಟ್ ಸಾಧನ ಪರದೆಯಲ್ಲ, ಕಿವಿಗೆ ಹಾಕಿಕೊಂಡ ಸ್ಪೀಕರು. ಓದುವ ತಂತ್ರಾಂಶ ಚಿತ್ರವನ್ನು ನೋಡುವುದಿಲ್ಲ, ಸಂಖ್ಯೆಯನ್ನು ಓದುತ್ತದೆ. ಒಂದು ಕಚೇರಿಯಿಂದ ಬಂದ ಉದ್ಯೋಗದ ಪ್ರಕಟಣೆಯನ್ನು ಅದು ಓದಿದಾಗ ಆಕೆಗೆ ಕೇಳಿಸಿದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸರಮಾಲೆ. ಕಣ್ಣಿರುವ ನಮಗೆ ಅಚ್ಚುಕಟ್ಟಾದ ಕನ್ನಡ ಕಾಣುತ್ತಿದ್ದ ಪುಟದಲ್ಲಿ ಆಕೆಗೆ ಒಂದು ಪದವೂ ಇರಲಿಲ್ಲ. ಕೊನೆಗೆ ಆ ಪ್ರಕಟಣೆಯನ್ನು ಫೋನಿನಲ್ಲಿ ನಾನೇ ಓದಿ ಹೇಳಿದೆ. ತಾನೇ ಓದಬಲ್ಲ ಕಾಲ ಬಂದಿದ್ದರೂ ಇನ್ನೊಬ್ಬರ ಕಣ್ಣಿಗೆ ಕಾಯುವಂತೆ ಆಕೆಯನ್ನು ಮಾಡಿದ್ದು ಯಾವ ಯಂತ್ರವೂ ಅಲ್ಲ, ಕಡತವನ್ನು ಹಳೆಯ ಫಾಂಟಿನಲ್ಲಿ ಉಳಿಸಿದ ಒಂದು ಅಭ್ಯಾಸ.

ಇನ್‌ಪುಟ್ ಕಡೆಯಲ್ಲೂ ಇಂತಹದೇ ಒಂದು ಸಂಗತಿಯಿದೆ. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಸುಲಿದು, ಕೊಬ್ಬರಿ ಬಿಡಿಸಿ ಬದುಕುವ ಹೆಂಗಸರಿದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟಾಗ ಯಂತ್ರ ಒಪ್ಪದೆ ಅವರು ಸೆರಗಿಗೆ ಬೆರಳು ಉಜ್ಜಿ ಉಜ್ಜಿ ಮತ್ತೆ ಇಡುವುದನ್ನು ನಾನು ಕಂಡಿದ್ದೇನೆ. ‘ಬೆರಳು ಸರಿಯಾಗಿ ಇಡಮ್ಮ’ ಎಂದು ಗದರುವುದನ್ನೂ ಕೇಳಿದ್ದೇನೆ. ಬೆಳಕಿನಿಂದ ಬೆರಳಿನ ಗುರುತು ಓದುವ ಯಂತ್ರದಲ್ಲಿ ಗಾಜಿನ ಪಟ್ಟಕದೊಳಗೆ ಬೆಳಕು ಪೂರ್ತಿಯಾಗಿ ಪ್ರತಿಫಲಿಸುತ್ತಿರುತ್ತದೆ. ಚರ್ಮದ ಏಣುಗಳು ಗಾಜನ್ನು ಒತ್ತಿ ಮುಟ್ಟಿದ ಕಡೆ ಮಾತ್ರ ಆ ಪ್ರತಿಫಲನ ಮುರಿದು ಕಪ್ಪು ಗೆರೆ ಕಾಣುತ್ತದೆ. ಚರ್ಮ ಒಣಗಿದ್ದರೆ ಏಣು ಗಾಜಿಗೆ ಸರಿಯಾಗಿ ಕೂರುವುದಿಲ್ಲ, ನಾರು ಚಿಪ್ಪುಗಳಿಗೆ ಸವೆದು ಏಣೇ ಉಳಿದಿಲ್ಲದಿದ್ದರೆ ಗೆರೆಯೇ ಮೂಡುವುದಿಲ್ಲ. ಉಜ್ಜಿ ಒಣಗಿಸಿದಷ್ಟೂ ಯಂತ್ರಕ್ಕೆ ಕಾಣುವುದು ಕಡಿಮೆಯಾಗುತ್ತದೆ. ಸ್ವಲ್ಪ ತೇವ ಮಾಡಿ ಬೆರಳಿಟ್ಟರೆ ಎಷ್ಟೋ ಸಲ ಕೆಲಸ ಆಗುತ್ತದೆ, ಆಗದಿದ್ದರೆ ಇನ್ನೊಂದು ಬೆರಳು ಇಟ್ಟು ನೋಡಬಹುದು. ಸಾಧನ ಕೆಲಸ ಮಾಡುವ ಬಗೆ ಗೊತ್ತಿದ್ದವರು ಆ ತಾಯಿಯನ್ನು ಗದರುವುದಿಲ್ಲ. ತಪ್ಪು ಆಕೆಯ ಬೆರಳಿನದಲ್ಲ, ದುಡಿದ ಕೈಯನ್ನು ಓದಲಾರದ ಗಾಜಿನದು.

ಈ ಕಾರಣಗಳಿಂದ ನನ್ನ ವಿನಂತಿ ಎರಡು. ಮೊದಲನೆಯದು ಶಿಕ್ಷಣ ಇಲಾಖೆಗೆ: ಇನ್‌ಪುಟ್, ಔಟ್‌ಪುಟ್ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು, ಪ್ರತಿ ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಕೆಟ್ಟ ಕೀಬೋರ್ಡು, ಮೌಸುಗಳನ್ನು ಮಕ್ಕಳ ಕೈಗೇ ಕೊಟ್ಟು ಬಿಚ್ಚಿಸಿ ತೋರಿಸಲು ಅನುವು ಮಾಡಿಕೊಡಬೇಕು. ವಿದ್ಯುತ್ ಸಂಪರ್ಕವಿಲ್ಲದ ಇವುಗಳಿಂದ ಅಪಾಯವಿಲ್ಲ. ಹಳೆಯ ಗಾಜಿನ ಕೊಳವೆಯ ಮಾನಿಟರುಗಳನ್ನು ಮಾತ್ರ ಮುಟ್ಟಿಸಬಾರದು, ತಂತಿ ಕಿತ್ತ ಮೇಲೂ ಅವುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಎರಡನೆಯದು ಕಚೇರಿಗಳಿಗೂ ಪತ್ರಿಕಾ ಪ್ರಕಟಣೆ ಕಳಿಸುವ ಸಂಘ ಸಂಸ್ಥೆಗಳಿಗೂ: ಇಂದಿನಿಂದ ಹುಟ್ಟುವ ಕಡತಗಳನ್ನಾದರೂ ಯುನಿಕೋಡಿನಲ್ಲೇ ಬರೆಯಬೇಕು, ಹಳೆಯ ಕಡತಗಳನ್ನು ಪರಿವರ್ತಕಗಳ ಮೂಲಕ ಬದಲಿಸಿ ಒಬ್ಬರು ಕಣ್ಣಾಡಿಸಿ ತಿದ್ದಬೇಕು. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಒತ್ತುಗಳ ಕಡೆ ವಿಶೇಷ ಗಮನ ಬೇಕು.

ನಾವು ಬಿಚ್ಚಿದ ಕೀಬೋರ್ಡಿನ ಮೂರು ಹಾಳೆಗಳನ್ನು ಆ ಶಾಲೆಯ ಮಕ್ಕಳು ರಟ್ಟಿಗೆ ಅಂಟಿಸಿ ಗೋಡೆಗೆ ತೂಗುಹಾಕಿದ್ದಾರೆ. ಪ್ರಶ್ನೆ ಕೇಳಿದ ಹುಡುಗ ‘ಕೆ’ ಗುಂಡಿಯ ಜಾಗವನ್ನು ಹುಡುಕಿ ಅಲ್ಲಿ ಕೆಂಪು ಶಾಯಿಯಲ್ಲಿ 14 ಎಂದೂ ಅದರ ಪಕ್ಕದಲ್ಲಿ 3221 ಎಂದೂ ಬರೆದಿದ್ದಾನೆ. ತಿಪಟೂರು ತಾಲ್ಲೂಕಿನ ಬೇರೆ ಯಾವುದೇ ಶಾಲೆಯವರು ಕರೆದರೂ ತಿರುಪುಳಿಯೊಂದಿಗೆ ಬರಲು ಸಿದ್ಧನಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಬೆರಳಚ್ಚು ಬೋಧಕ
ತಿಪಟೂರು